ಹ್ಯಾಲೋಪೆರಿಡಾಲ್‌ನಿಂದ ಬಂದ ಬಾಯಿ ಚಲನೆಗೆ ಆರ್ಜಿನೈನ್ ಪುಡಿ ಕೊಡಬಹುದೇ?

ನೀವು ಕೇಳಿರುವುದು: ತಾಯಿ ವರ್ಷಗಳಿಂದ ಮನೋರೋಗದ ಔಷಧ ಹ್ಯಾಲೋಪೆರಿಡಾಲ್ ತೆಗೆದುಕೊಳ್ಳುತ್ತಿದ್ದಾರೆ, ಈಗ ಬಾಯಿ ತಾನಾಗಿಯೇ ಅಗಿಯುತ್ತದೆ, ನಾಲಿಗೆ ಹೊರಗೆ ಬರುತ್ತದೆ, ಇದಕ್ಕೆ ಮೆದುಳಿನಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಕಾರಣವಂತೆ, ಅದರ ಕಚ್ಚಾವಸ್ತುವಾದ ಅಮೈನೊ ಆಮ್ಲ ಎಲ್-ಆರ್ಜಿನೈನ್ ಕೊಟ್ಟರೆ ಸರಿಹೋಗುತ್ತದೆಯೇ? ಕೊಡಬೇಡಿ. ಲಕ್ಷಣ ನೋಡಿದರೆ ಟಾರ್ಡಿವ್ ಡಿಸ್ಕೈನೇಷಿಯಾ, ಅಂದರೆ ಇಂಥ ಔಷಧಗಳನ್ನು ಬಹುಕಾಲ ತೆಗೆದುಕೊಂಡವರಲ್ಲಿ ತಾನಾಗಿ ಬರುವ ಚಲನೆ, ಇರಬಹುದು. ಅದರಲ್ಲಿ ನೈಟ್ರಿಕ್ ಆಕ್ಸೈಡ್‌ಗೆ ಪಾತ್ರವಿದೆ ಎಂಬ ಮಾತಿಗೆ ಆಧಾರವಿದೆ, ಆದರೆ ಅದನ್ನು ಏರಿಸಬೇಕೋ ಇಳಿಸಬೇಕೋ ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ.

ಚಲನೆಯನ್ನು ಹದದಲ್ಲಿಡುವ ಸ್ಟ್ರಯೇಟಮ್ ಎಂಬ ಮೆದುಳಿನ ಭಾಗದಲ್ಲಿ ನೂರಕ್ಕೆ ಒಂದೆರಡು ನರಕೋಶಗಳು ಮಾತ್ರ ಈ ಅನಿಲವನ್ನು ತಯಾರಿಸುತ್ತವೆ. ನರಸಂದೇಶ ಒಯ್ಯುವ ಗ್ಲುಟಮೇಟ್ ಬಂದು ಕೋಶದ ಮೇಲಿನ ಎನ್‌ಎಂಡಿಎ ಎಂಬ ಗ್ರಾಹಕ ತೆರೆದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅನಿಲ ತಯಾರಿಸುವ ಕಿಣ್ವ ಎಚ್ಚರವಾಗುತ್ತದೆ, ಆರ್ಜಿನೈನ್ ಒಡೆದು ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ಇನ್ನೊಂದು ನರಸಂದೇಶವಾಹಕವಾದ ಡೋಪಮೈನ್‌ನ ಡಿ1 ಬಗೆಯ ಗ್ರಾಹಕಗಳು ಈ ಕೆಲಸವನ್ನು ಚುರುಕುಗೊಳಿಸಿದರೆ ಡಿ2 ತಡೆಯುತ್ತದೆ. ಹ್ಯಾಲೋಪೆರಿಡಾಲ್ ಮುಚ್ಚುವುದು ಆ ಡಿ2 ಗ್ರಾಹಕವನ್ನೇ, ಹಾಗಾಗಿ ಈ ತಡೆ ಸಡಿಲವಾಗಬಹುದು. ಜೊತೆಗೆ ಸೂಪರ್‌ಆಕ್ಸೈಡ್ ಎಂಬ ಚುರುಕು ಆಮ್ಲಜನಕ ಕಣ ಹೆಚ್ಚಿದ್ದಲ್ಲಿ ನೈಟ್ರಿಕ್ ಆಕ್ಸೈಡ್ ಅದರೊಡನೆ ಸೇರಿ ಪೆರಾಕ್ಸಿನೈಟ್ರೈಟ್ ಎಂಬ ವಸ್ತುವಾಗಿ ಕೋಶಕ್ಕೆ ಹಾನಿ ಮಾಡುತ್ತದೆ.

ಹಾಗಾದರೆ ಅದನ್ನು ತಡೆದರೆ ಸಾಕಲ್ಲ ಎನಿಸಬಹುದು. ಪ್ರಾಣಿಗಳಲ್ಲಿ ಆದದ್ದು ಬೇರೆ. ಇಲಿಯ ಮುಂಗಾಲುಗಳನ್ನು ಅಡ್ಡ ಸರಳಿನ ಮೇಲಿಟ್ಟು, ಎಷ್ಟು ಹೊತ್ತಿಗೆ ಕೆಳಗಿಳಿಸುತ್ತದೆ ಎಂದು ನೋಡುವ ಪರೀಕ್ಷೆ ಇದೆ. ಬಿಗಿತದ ಅಳತೆ ಅದು. ಕಿಣ್ವವನ್ನು ತಡೆಯುವ 7-ನೈಟ್ರೊಇಂಡಜೋಲ್ ಒಂದು ಸಲ ಕೊಟ್ಟರೆ ಇಲಿ ಹ್ಯಾಲೋಪೆರಿಡಾಲ್ ಕೊಟ್ಟಂತೆಯೇ ಹಾಗೇ ನಿಂತುಬಿಡುತ್ತದೆ. ಅದೇ ವಸ್ತು, ಪಾರ್ಕಿನ್ಸನ್ ಔಷಧ ಲೆವೊಡೋಪಾದಿಂದ ಬರುವ ಅತಿಚಲನೆಯನ್ನು ತಗ್ಗಿಸುತ್ತದೆ. ವಾರಗಟ್ಟಲೆ ಹ್ಯಾಲೋಪೆರಿಡಾಲ್ ಕೊಟ್ಟು ಬರಿಬಾಯಿ ಅಗಿಯುವುದನ್ನು ಎಣಿಸುವ ಪ್ರಯೋಗಗಳ ಫಲಿತಾಂಶಗಳಂತೂ ಒಂದಕ್ಕೊಂದು ಹೊಂದುವುದಿಲ್ಲ. ನನ್ನ ಪ್ರಕಾರ ಬಿಗಿತ, ಟಾರ್ಡಿವ್, ಲೆವೊಡೋಪಾ ಅತಿಚಲನೆ ಮೂರನ್ನೂ ಒಂದೇ ಕಾಯಿಲೆಯಂತೆ ಬರೆಯುವುದೇ ಈ ಗೊಂದಲದ ಮೂಲ.

ಇನ್ನು ಆರ್ಜಿನೈನ್ ಪುಡಿಯ ಲೆಕ್ಕ. ಈ ಕಿಣ್ವ ಅರ್ಧ ವೇಗದಲ್ಲಿ ಓಡಲು ಕೆಲವೇ ಮೈಕ್ರೊಮೋಲಾರ್ (ಸಾಂದ್ರತೆಯ ಅಳತೆ) ಆರ್ಜಿನೈನ್ ಸಾಕು, ರಕ್ತದಲ್ಲೇ ಸುಮಾರು 100 ಮೈಕ್ರೊಮೋಲಾರ್ ಇರುತ್ತದೆ. ಮೇಲಿಂದ ಸುರಿದರೆ ಮೆದುಳಿನಲ್ಲಿ ಏನಾಗುತ್ತದೆಂದು ಊಹಿಸಲಾಗದು, ರಕ್ತದೊತ್ತಡ ಮಾತ್ರ ಇಳಿಯಬಹುದು. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಔಷಧ ನೈಟ್ರಿಕ್ ಆಕ್ಸೈಡ್ ತಡೆಯುತ್ತದೆಂದು ಯಾರಾದರೂ ಹೇಳಿದರೆ ಅದನ್ನೂ ಮುಟ್ಟಬೇಡಿ: ಅದು ಸಿರೊಟೋನಿನ್ ಒಡೆಯುವ ಎಂಎಒ-ಎ ಕಿಣ್ವವನ್ನೂ ತಡೆಯುತ್ತದೆ, ಸಿರೊಟೋನಿನ್ ಹೆಚ್ಚಿಸುವ ಖಿನ್ನತೆಯ ಎಸ್‌ಎಸ್‌ಆರ್‌ಐ ಮಾತ್ರೆಗಳ ಜೊತೆ ಸೇರಿದರೆ ಪ್ರಾಣಕ್ಕೇ ಕುತ್ತು.

ಹ್ಯಾಲೋಪೆರಿಡಾಲನ್ನು ನೀವಾಗಿ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಚಲನೆ ಇನ್ನೂ ಹೆಚ್ಚಬಹುದು, ಮನೋರೋಗವೂ ಮರುಕಳಿಸಬಹುದು. ಟ್ರೈಹೆಕ್ಸಿಫೆನಿಡಿಲ್ ನಡೆಯುತ್ತಿದ್ದರೆ ಅದರ ಬಗ್ಗೆ ವೈದ್ಯರನ್ನು ಕೇಳಿ. ಆ ಮಾತ್ರೆ ಬಿಗಿತ, ನಡುಕಕ್ಕೆ ಒಳ್ಳೆಯದು, ಟಾರ್ಡಿವ್ ಅನ್ನು ಹೆಚ್ಚಿಸಬಹುದು. ಪುರಾವೆ ಗಟ್ಟಿಯಾಗಿರುವುದು ವಿಎಂಎಟಿ2 ತಡೆಗಳಿಗೆ, ಅಂದರೆ ನರಕೋಶದಲ್ಲಿ ಡೋಪಮೈನ್ ತುಂಬಿಡುವ ಪ್ರೋಟೀನನ್ನು ತಡೆಯುವ ಔಷಧಗಳಿಗೆ. ವಾಲ್ಬೆನಜೀನ್, ಡ್ಯೂಟೆಟ್ರಾಬೆನಜೀನ್ ಎರಡಕ್ಕೂ ಅಮೆರಿಕದಲ್ಲಿ 2017ರಲ್ಲಿ ಇದಕ್ಕೆಂದೇ ಅನುಮತಿ ಸಿಕ್ಕಿತು. ನಮ್ಮಲ್ಲಿ ಸಿಗುವ, ಇದೇ ಗುಂಪಿನ ಹಳೆಯ ಟೆಟ್ರಾಬೆನಜೀನನ್ನು ಸಾಮಾನ್ಯವಾಗಿ 12.5 ಮಿ.ಗ್ರಾಂ.ನಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ಖಿನ್ನತೆ ತರಬಹುದು, ಆದ್ದರಿಂದ ಮನಸ್ಸಿನ ಮೇಲೆ ಕಣ್ಣಿಡಬೇಕು.

ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿರುವ ಗ್ಯಾಸ್, ವಾಂತಿ, ತಲೆಸುತ್ತಿನ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ಆಸಿಡಿಟಿಯ ರಾಬೆಪ್ರಜೋಲ್ ಜೊತೆ ಬೆರೆತು ಬರುವ ಲೆವೊಸಲ್ಪಿರೈಡ್, ಮೆಟೊಕ್ಲೋಪ್ರಮೈಡ್, ಸಿನ್ನಾರಿಜಿನ್, ಫ್ಲುನಾರಿಜಿನ್ ಎಲ್ಲವೂ ಡೋಪಮೈನ್ ಗ್ರಾಹಕಗಳನ್ನು ಮುಚ್ಚುತ್ತವೆ, ಮನೆಯವರು ಮಾತ್ರ ಇವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದು ವಿಡಿಯೊ ಕೂಡ ಮಾಡಿಕೊಳ್ಳಿ: ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಬಾಯಲ್ಲಿರುವುದನ್ನು ತೆಗೆಸಿ, ಬಾಯಿ ತೆರೆಸಿ, ನಾಲಿಗೆ ಚಾಚಿಸಿ, ನಂತರ 10–15 ಸೆಕೆಂಡು ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ ಬೇಗಬೇಗ ಮುಟ್ಟಿಸಿ. ಗಮನ ಕೈಯ ಕಡೆ ಹೋದಾಗ ಬಾಯಿಯ ಚಲನೆ ಹೆಚ್ಚಾಗಿ ಕಾಣುತ್ತದೆ, ಆದ್ದರಿಂದ ಆ ಹೊತ್ತಿನಲ್ಲಿ ಕ್ಯಾಮೆರಾ ಮುಖದ ಮೇಲಿರಲಿ.