ಅಜ್ಜಿಯ ಮುತ್ತಿನ ಸರ ಮೊಮ್ಮಗಳಿಗೆ ಬೇಡವಂತೆ!

ಪ್ರಶ್ನೆ: ಮೇಡಂ, ಮಾಘದಲ್ಲಿ ಮಗಳ ಮದುವೆ. ಅವಳು ಎರಡು ವರ್ಷದಿಂದ ವೀಗನ್, ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ. ಈಗ ನಮ್ಮತ್ತೆಯ ಎರಡೆಳೆ ಮುತ್ತಿನ ಸರವೂ ಬೇಡವಂತೆ. ಚಿಪ್ಪೊಳಗಿನ ಜೀವ ಸಾಯುತ್ತದೆ ಅಂತಾಳೆ. ಮುತ್ತು ತಾನಾಗೇ ಆಗುವುದಲ್ವಾ? ಬದಲಿಗೆ ಏನು ಕೊಡಿಸಲಿ?
– ಒಬ್ಬ ತಾಯಿ, ತುಮಕೂರು

ಉತ್ತರ: ಮಗಳು ಹೇಳಿದ್ದು ಬಹುಪಾಲು ನಿಜ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದು ಮುತ್ತಾಯಿತು ಅನ್ನೋ ಕತೆ ಕೇಳಿಯೇ ನಾವೆಲ್ಲ ಬೆಳೆದದ್ದು, ಆದರೆ ಇವತ್ತು ಅಂಗಡಿಯಲ್ಲಿರುವ ಮುತ್ತು ಹೆಚ್ಚುಕಡಿಮೆ ಎಲ್ಲಾ ಸಾಕಿ ಬೆಳೆಸಿದ್ದೇ. ಜಪಾನಿನ ಮಿಕಿಮೊಟೊ 1893ರಲ್ಲೇ ಅರ್ಧಗೋಲದ ಮುತ್ತು ಬೆಳೆಸಿ ತೋರಿಸಿದ್ದ. ಈಗ ಮಾಡುವುದು ಹೀಗೆ: ಒಂದು ಚಿಪ್ಪಿನ ಜೀವಿಯನ್ನು ಕೊಯ್ದು ಒಳಪೊರೆಯನ್ನು ಚೂರು ಮಾಡುತ್ತಾರೆ, ಅದರ ಕತೆ ಅಲ್ಲಿಗೆ ಮುಗಿಯಿತು. ಇನ್ನೊಂದರ ಬಾಯಿಗೆ ಬೆಣೆ ಕೊಟ್ಟು, ಒಳಗೆ ಗೀರಿ, ಆ ಚೂರಿನ ಜೊತೆ ಚಿಪ್ಪಿನಿಂದಲೇ ಕಡೆದ ಸಣ್ಣ ಗುಂಡೊಂದನ್ನು ಇಟ್ಟು ನೀರಿಗೆ ಬಿಡುತ್ತಾರೆ. ಜಪಾನಿನ ಅಕೋಯಾ ಚಿಪ್ಪಾದರೆ ಮುತ್ತು ತೆಗೆಯುವಾಗ ಸಾಮಾನ್ಯವಾಗಿ ಸಾಯುತ್ತದೆ. ದಕ್ಷಿಣ ಸಮುದ್ರದ ದೊಡ್ಡ ಚಿಪ್ಪಿಗೆ ಮತ್ತೊಂದು ಗುಂಡಿಟ್ಟು ವಾಪಸ್ ಬಿಡುವುದೂ ಉಂಟು. ಚೀನಾದ ಸಿಹಿನೀರಿನ ಚಿಪ್ಪಿಗೆ ಸಾಮಾನ್ಯವಾಗಿ ಗುಂಡಿಲ್ಲ, ಒಂದರಲ್ಲೇ ಹತ್ತಾರು ಕಡೆ ಗೀರಿ ಪೊರೆಯ ಚೂರು ಇಡುತ್ತಾರೆ. ಆ ಮುತ್ತು ಅಷ್ಟು ಅಗ್ಗ ಆಗಿದ್ದು ಸುಮ್ನೆ ಅಲ್ಲ.

ಚಿಪ್ಪಿನ ಜೀವಿಗೆ ನೋವಾಗುತ್ತಾ? ಮಿದುಳಿಲ್ಲ, ಅಲ್ಲಲ್ಲಿ ನರದ ಗಂಟುಗಳಿವೆ ಅಷ್ಟೆ. ನಮ್ಮ ಹಾಗೆ ನೋಯುತ್ತದೆ ಅಂತ ನನಗೇನೂ ಅನಿಸುವುದಿಲ್ಲ, ಆದರೆ ಕುತ್ತಿಗೆ ಅವಳದು. ಅತ್ತೆಯ ಸರದಿಂದ ಹೊಸದಾಗಿ ಯಾವ ಚಿಪ್ಪೂ ಸಾಯುವುದಿಲ್ಲ ಅಂತ ಒಂದೇ ಒಂದು ಸಲ ಹೇಳಿ ನೋಡಿ. ಬೇಡ ಅಂದರೆ ಬೀರುವಿನಲ್ಲಿಡಿ. ಅಜ್ಜಿ ನೊಂದುಕೊಳ್ಳುತ್ತಾರೆ ಅಂತ ಮಗಳನ್ನು ಅಳಿಸಬೇಡಿ.

ಬದಲಿ ಹುಡುಕುವಾಗಲೇ ಜಾಸ್ತಿ ಎಡವುವುದು. ನಕಲಿ ಮುತ್ತಿಗೆ ಆ ಹೊಳಪು ಬರಲಿ ಅಂತ ಮೀನಿನ ಹುರುಪೆಯಿಂದ ತೆಗೆದ ಲೇಪ ಹಾಕುವ ಪದ್ಧತಿ ಹಳೆಯದು, ಈಗಲೂ ಇದೆ. ‘ಶೆಲ್ ಪರ್ಲ್’ ಅಂತ ಮಾರುವುದು ಚಿಪ್ಪಿನದೇ. ನಮ್ಮಮ್ಮನ ಸರ ಹರಿದಾಗ ಪೋಣಿಸುವವರ ಎದುರು ಕೂತು ನೋಡಿದ್ದೆ, ಒಂದೊಂದು ಮುತ್ತಿಗೂ ಒಂದೊಂದು ಗಂಟು, ದಾರ ಮಾತ್ರ ಅಪ್ಪಟ ರೇಷ್ಮೆ! ಹೋಗಲಿ, ಚನ್ನಪಟ್ಟಣದ ಮರದ ಮಣಿ ಅಂದರೆ ಅದರ ಹೊಳಪು ಅರಗಿನದು, ಅರಗು ಹುಳುವಿನದು.

ಹಾಗಾಗಿ ಗಾಜಿನ ಮುತ್ತು ತಗೊಳ್ಳಿ. ಲೇಪ ಯಾವುದರದು ಅಂತ ಬಾಯಿಬಿಟ್ಟು ಕೇಳಿ, ನೈಲಾನ್ ದಾರದಲ್ಲಿ ಪೋಣಿಸಿಕೊಡಿ ಅನ್ನಿ. ಅಗ್ಗದ ಪ್ಲಾಸ್ಟಿಕ್ ಬೇಡ, ಬೆವರಿಗೆ ಸಿಪ್ಪೆ ಏಳುತ್ತದೆ. ಭಾರವೇ ಬೇಡ ಅಂದರೆ ಜಪಾನಿನವರು ಹತ್ತಿಯನ್ನು ಒತ್ತಿ ಮುತ್ತು ಮಾಡುತ್ತಾರೆ, ಕಿವಿಗೆ ಹಾಕಿದ್ದೇ ಗೊತ್ತಾಗುವುದಿಲ್ಲ. ಅದಕ್ಕೂ ಲೇಪದ ಪ್ರಶ್ನೆ ಕೇಳಲೇಬೇಕು.

ಇನ್ನೊಂದು. ನಿಮ್ಮಲ್ಲಿ ತಾಳಿ ಸರಕ್ಕೆ ಹವಳ ಹಾಕುವ ರೂಢಿ ಇದ್ದರೆ ಈಗಲೇ ಮಾತಾಡಿಕೊಳ್ಳಿ, ಅದೂ ಕಡಲ ಜೀವಿಯದ್ದೇ. ಮುಹೂರ್ತದ ಹೊತ್ತಿಗೆ ರಂಪ ಬೇಡ. ಕರಿಮಣಿ ಗಾಜಿನದು, ತೊಂದರೆಯಿಲ್ಲ. ಅಂದಹಾಗೆ, ಧಾರೆ ಸೀರೆಗೆ ಏನು ಮಾಡಿದ್ದೀರಿ? ಅದನ್ನು ಬರೆಯಲೇ ಇಲ್ಲವಲ್ಲ!