ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ಗೆ ಹೊಸಬ. ಹಸು ಹೊಡೆದು ಹೊಡೆದು ಬೇಸರವಾಗಿದೆ, ಮುಂದೇನು ಮಾಡಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ದಾವಣಗೆರೆಯಲ್ಲಿ ಬಿ.ಕಾಂ. ಮೊದಲ ವರ್ಷದಲ್ಲಿದ್ದೀರಿ, ಎರಡು ವಾರದಿಂದ ಫೋನಿನಲ್ಲಿ, ಬಹಳ ಜನ ಒಟ್ಟಿಗೆ ಸೇರುವ ಈ ಆನ್‌ಲೈನ್ ಸಾಹಸದ ಆಟ ಆಡುತ್ತಿದ್ದೀರಿ, ಲಂಬ್ರಿಜ್ ಊರಿನ ಪಕ್ಕದ ಬೇಲಿಯೊಳಗಿನ ಹಸುಗಳನ್ನೇ ಹೊಡೆದು ಅಟ್ಯಾಕ್ ಎಂಬ ಕೌಶಲವನ್ನು ಲೆವೆಲ್ 14ಕ್ಕೆ ತಂದಿದ್ದೀರಿ, ವಿಡಿಯೊಗಳಲ್ಲಿ ನೋಡಿದವರೆಲ್ಲ ಕೊನೆಯ ಲೆವೆಲ್ ಆದ 99ರ ಮಾತನ್ನೇ ಆಡುವುದರಿಂದ ಕೈಚೆಲ್ಲಿ ಕುಳಿತಿದ್ದೀರಿ. ಕನ್ನಡ ಮಾಧ್ಯಮದಲ್ಲಿ ಓದಿದವರಾದ ಕಾರಣ ಕ್ವೆಸ್ಟ್‌ಗಳಲ್ಲಿ, ಅಂದರೆ ಆಟದ ಪಾತ್ರಗಳು ಒಪ್ಪಿಸುವ ಕಥೆಯುಳ್ಳ ಕೆಲಸಗಳಲ್ಲಿ, ಬರುವ ಇಂಗ್ಲಿಷ್ ಮಾತುಕತೆಗೆ ಹೆದರಿ ಅವುಗಳನ್ನು ಮುಟ್ಟಿಲ್ಲವೆಂದೂ, ನಮ್ಮ ಊರಿನ ನೆಟ್‌ವರ್ಕ್ ಈ ಆಟಕ್ಕೆ ಸಾಲುವುದೋ ಇಲ್ಲವೋ ಎಂಬ ಅನುಮಾನವಿದೆಯೆಂದೂ ಬರೆದಿದ್ದೀರಿ. ನಾನೂ ಇದೇ ಊರಿನವನು; ಎಪಿಎಂಸಿ ಯಾರ್ಡಿನ ಒಂದು ಮೆಕ್ಕೆಜೋಳದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಈ ಆಟವನ್ನು ನಡುನಡುವೆ ಬಿಟ್ಟು ಹಿಡಿದು ಬಹಳ ವರ್ಷಗಳಿಂದ ಆಡುತ್ತಿದ್ದೇನೆ. ನನ್ನ ಉತ್ತರ ಒಂದೇ: ಹಸುಗಳನ್ನು ಇಂದೇ ಬಿಟ್ಟು, ನೀವು ಹೆದರಿ ದೂರವಿಟ್ಟಿರುವ ಆ ಕ್ವೆಸ್ಟ್‌ಗಳನ್ನೇ ಹಿಡಿಯಿರಿ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ನೀವು ನಂಬಲಿಕ್ಕಿಲ್ಲ, ಆದ್ದರಿಂದ ಲೆಕ್ಕ ಹಾಕಿ ತೋರಿಸುತ್ತೇನೆ. ಆಟದಲ್ಲಿ ಎದುರಾಳಿಯ ಜೀವವನ್ನು ಒಂದಂಕ ಇಳಿಸಿದರೆ ನೀವು ಆರಿಸಿಕೊಂಡ ಕೌಶಲಕ್ಕೆ 4 ಎಕ್ಸ್‌ಪಿ, ಅಂದರೆ ಅನುಭವದ ಅಂಕ, ಸೇರುತ್ತದೆ. ಹಸುವಿಗೆ ಇರುವುದು 8 ಅಂಕದ ಜೀವ. ಅಂದರೆ ಒಂದು ಹಸುವಿಗೆ 32 ಎಕ್ಸ್‌ಪಿ. ಹಣ ಕಟ್ಟದೆ ಆಡುವವರಿಗೂ ಸಿಗುವ ವ್ಯಾಂಪೈರ್ ಸ್ಲೇಯರ್ ಎಂಬ ಕ್ವೆಸ್ಟ್ ಒಂದನ್ನು ಮುಗಿಸಿದರೆ ಅಟ್ಯಾಕ್‌ಗೆ ಒಂದೇ ಸಲ 4,825 ಎಕ್ಸ್‌ಪಿ ಬಂದು ಬೀಳುತ್ತದೆ. ಅದು ಹೆಚ್ಚುಕಡಿಮೆ 150 ಹಸುಗಳ ಲೆಕ್ಕ. ಈಗ 14ರಲ್ಲಿರುವ ನಿಮ್ಮ ಅಟ್ಯಾಕ್ ಆ ಒಂದು ಸಂಜೆಯಲ್ಲಿ ಕನಿಷ್ಠ 23ಕ್ಕೆ ಏರುತ್ತದೆ, 20 ದಾಟಿದ್ದರಿಂದ ಮಿತ್ರಿಲ್ ಎಂಬ ಲೋಹದ ಕತ್ತಿಯನ್ನೂ ಹಿಡಿಯಬಹುದು. ಡೋರಿಕ್ ಎಂಬ ಕುಳ್ಳನಿಗೆ ಮಣ್ಣು, ತಾಮ್ರ, ಕಬ್ಬಿಣದ ಅದಿರು ತಂದುಕೊಟ್ಟರೆ ಮೈನಿಂಗ್ 1ರಿಂದ 10ಕ್ಕೆ ಹೋಗುತ್ತದೆ. ನೈಟ್ಸ್ ಸ್ವೋರ್ಡ್ ಎಂಬ ಕ್ವೆಸ್ಟ್ ಮುಗಿಸಿದರೆ ಸ್ಮಿಥಿಂಗ್ 1ರಿಂದ ನೇರವಾಗಿ 29ಕ್ಕೆ. ಬಂಡೆ ಕುಟ್ಟಿ, ಕುಲುಮೆಯ ಮುಂದೆ ನಿಂತು ಅದೇ ಅಂಕ ಗಳಿಸಲು ಹಿಡಿಯುವ ಹೊತ್ತನ್ನು ನೀವೇ ಊಹಿಸಿಕೊಳ್ಳಿ.

99ರ ವಿಷಯವನ್ನು ಸದ್ಯ ತಲೆಯಿಂದ ತೆಗೆದುಹಾಕಿ. ಒಂದು ಕೌಶಲ 99 ಮುಟ್ಟಲು 1,30,34,431 ಎಕ್ಸ್‌ಪಿ ಬೇಕು, ಮತ್ತು ಲೆವೆಲ್ 92 ತಲುಪಿದಾಗ ಅದರಲ್ಲಿ ಅರ್ಧದಷ್ಟು ಮಾತ್ರ ಆಗಿರುತ್ತದೆ. ಲೆವೆಲ್ 50 ಎಂದರೆ ಅರ್ಧ ದಾರಿ ಎಂದು ಹೊಸಬರೆಲ್ಲ ತಿಳಿಯುತ್ತಾರೆ. ಅದು ಒಟ್ಟು ಮೊತ್ತದಲ್ಲಿ ನೂರರಲ್ಲಿ ಒಂದು ಪಾಲೂ ಅಲ್ಲ. ಹಾಗೆಂದು ಇದು ನಿರಾಶೆಯ ಸುದ್ದಿಯೇನಲ್ಲ. ಆಟದಲ್ಲಿ ನೋಡಬೇಕಾದ ಊರು, ಗುಹೆ, ಪಾತ್ರಗಳಲ್ಲಿ ಬಹುಪಾಲು 30ರಿಂದ 70ರ ನಡುವೆಯೇ ತೆರೆದುಕೊಳ್ಳುತ್ತವೆ.

ಮೊದಲ ಕ್ವೆಸ್ಟ್ ಆಗಿ ಕುಕ್ಸ್ ಅಸಿಸ್ಟೆಂಟ್ ತೆಗೆದುಕೊಳ್ಳಿ. ಲಂಬ್ರಿಜ್ ಕೋಟೆಯ ಅಡುಗೆಯವನಿಗೆ ಕೇಕ್ ಮಾಡಲು ಒಂದು ಮೊಟ್ಟೆ, ಒಂದು ಬಕೆಟ್ ಹಾಲು, ಒಂದು ಮಡಕೆ ಹಿಟ್ಟು ಬೇಕಾಗಿರುತ್ತದೆ. ಹಿಟ್ಟನ್ನು ಕೊಂಡು ಕೊಡಬೇಡಿ, ಮಾಡಿಯೇ ಕೊಡಿ: ಹೊಲದಲ್ಲಿ ಗೋಧಿ ಕಿತ್ತು, ಗಿರಣಿಯ ಮೇಲಿನ ಮಹಡಿಗೆ ಹೋಗಿ ಧಾನ್ಯದ ತೊಟ್ಟಿಗೆ ಸುರಿದು, ಪಕ್ಕದ ಹಿಡಿಯನ್ನು ಎಳೆದು, ಮತ್ತೆ ಮೆಟ್ಟಿಲಿಳಿದು ಬಂದು ಖಾಲಿ ಮಡಕೆಯಲ್ಲಿ ಹಿಟ್ಟನ್ನು ತುಂಬಿಕೊಳ್ಳಬೇಕು. ಮಡಕೆ ಮರೆತು ಹೋದವರು ವಾಪಸ್ ನಡೆಯುತ್ತಾರೆ, ನಾನೂ ನಡೆದಿದ್ದೇನೆ. ಈ ಆಟದಲ್ಲಿ ಒಂದು ವಸ್ತು ಇನ್ನೊಂದರಿಂದ, ಅದು ಮತ್ತೊಂದರಿಂದ ಹೇಗೆ ಹುಟ್ಟುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ಜಾಗ ಬೇರೊಂದಿಲ್ಲ. ಹಾಲನ್ನು ಕರೆಯುವುದೂ ಅಲ್ಲಿಯೇ, ಒಂದು ಹಸುವಿನಿಂದಲೇ. ಆಟ ಫೋನಿಗೆ ಬಂದ ಹೊಸದರಲ್ಲಿ ನಾನು ನಿಮ್ಮಂತೆಯೇ ಹಸುಗಳ ಹಿಂದೆ ಬಿದ್ದಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ನಮ್ಮ ಅಜ್ಜಿ ಪರದೆಯನ್ನು ನೋಡಿ, "ಏನೋ ಇದು, ಆಕಳಿಗೆ ಹೊಡಿತೀಯಲ್ಲೋ!" ಎಂದು ಗದರಿಸಿದ್ದರು. ಅಂದಿನಿಂದ ಮನೆಯಲ್ಲಿ ಗಾಬ್ಲಿನ್ ಎಂಬ ಕುಳ್ಳ ಪಿಶಾಚಿಗಳನ್ನು ಮಾತ್ರ ಹೊಡೆಯುವುದು ರೂಢಿಯಾಯಿತು.

ಇಂಗ್ಲಿಷ್‌ನ ಭಯ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಹತ್ತನೆಯ ತರಗತಿಯವರೆಗೆ ನನ್ನದೂ ಕನ್ನಡ ಮಾಧ್ಯಮವೇ. ಆದರೆ ಇಲ್ಲಿನ ಮಾತುಕತೆ ಒಂದೊಂದು ಸಾಲಿನದು. ನೀವು ಒತ್ತುವ ತನಕ ಅದು ಮುಂದೆ ಹೋಗುವುದಿಲ್ಲ, ಆದ್ದರಿಂದ ಎಷ್ಟು ನಿಧಾನವಾಗಿ ಓದಿದರೂ ನಷ್ಟವಿಲ್ಲ. ಕ್ವೆಸ್ಟ್ ಪಟ್ಟಿಯಲ್ಲಿ ಆ ಹೆಸರನ್ನು ಒತ್ತಿದರೆ ಈವರೆಗೆ ಏನು ಮಾಡಿದ್ದೀರಿ, ಮುಂದೇನು ಉಳಿದಿದೆ ಎಂಬುದು ದಿನಚರಿಯ ಪುಟದಂತೆ ತೆರೆಯುತ್ತದೆ, ಮುಗಿದ ಸಾಲುಗಳ ಮೇಲೆ ಗೆರೆ ಎಳೆದಿರುತ್ತದೆ. ಅಷ್ಟಕ್ಕೂ ತಿಳಿಯದಿದ್ದರೆ ಆಟಗಾರರೇ ಬರೆದ ವಿಕಿಯಲ್ಲಿ ಪ್ರತಿ ಕ್ವೆಸ್ಟ್‌ಗೆ ಬೇಕಾದ ವಸ್ತುಗಳ ಪಟ್ಟಿ ಮೊದಲಲ್ಲೇ ಇರುತ್ತದೆ. ಆ ಪಟ್ಟಿಯನ್ನು ನೋಡಿಕೊಂಡು, ಕಥೆಯನ್ನು ಮಾತ್ರ ನೀವೇ ಓದಿ. ಹೆಜ್ಜೆ ಹೆಜ್ಜೆಗೂ ವಿಕಿಯನ್ನು ನೋಡಿ ಆಡುವುದು ಬೇರೆಯವರು ಬಿಡಿಸಿದ ಲೆಕ್ಕವನ್ನು ನಕಲು ಮಾಡಿದಂತೆ, ಮುಗಿದ ಮೇಲೆ ಏನೂ ನೆನಪಿರುವುದಿಲ್ಲ.

ನೆಟ್‌ವರ್ಕ್ ಬಗ್ಗೆ ಹೇಳುವುದಾದರೆ, ಈ ಆಟದ ಒಳಗೊಂದು ಗಡಿಯಾರವಿದೆ, ಅದನ್ನು ಅರ್ಥ ಮಾಡಿಕೊಂಡರೆ ನಿಮ್ಮ ಅರ್ಧ ಚಿಂತೆ ಕಳೆಯುತ್ತದೆ. ಗುಂಡು ಹಾರಿಸುವ ಆಟಗಳಂತೆ ಇದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವುದಿಲ್ಲ; 0.6 ಸೆಕೆಂಡಿಗೆ ಒಮ್ಮೆ ಮಾತ್ರ, ಟಿಕ್ ಎಂದು ಕರೆಯುವ ಒಂದೊಂದು ಬಡಿತಕ್ಕೆ, ಎಲ್ಲರ ಚಲನೆಯನ್ನೂ ಒಟ್ಟಿಗೆ ನಡೆಸುತ್ತದೆ. ನೀವು ನಡುವೆ ಎಲ್ಲಿ ಒತ್ತಿದರೂ ಅದು ಜಾರಿಗೆ ಬರುವುದು ಮುಂದಿನ ಬಡಿತಕ್ಕೇ. ನನ್ನ ಫೋನಿನಿಂದ ಯುರೋಪಿನ ಸರ್ವರ್‌ಗೆ ಸಂದೇಶ ಹೋಗಿ ಬರಲು 200 ಮಿಲಿಸೆಕೆಂಡಿನ ಆಸುಪಾಸು ಹಿಡಿಯುತ್ತದೆ, 600ರ ಬಡಿತದಲ್ಲಿ ಅದು ಮುಳುಗಿಹೋಗುತ್ತದೆ. ಹಾಗಾಗಿ ವೇಗದ ನೆಟ್‌ಗಾಗಿ ಹಣ ಸುರಿಯಬೇಕಿಲ್ಲ. ನಮಗೆ ಬಾಧಿಸುವುದು ನಿಧಾನವಲ್ಲ, ಕಡಿತ: ಬೇಸಿಗೆಯ ಮಳೆಗಾಳಿಗೆ ಕರೆಂಟ್ ಹೋಗಿ ವೈಫೈ ನಿಂತರೆ ಕಾಳಗದ ನಡುವಿದ್ದ ನಿಮ್ಮ ಪಾತ್ರ ತಕ್ಷಣ ಮಾಯವಾಗದೆ ಸ್ವಲ್ಪ ಹೊತ್ತು ಅಲ್ಲಿಯೇ ನಿಂತು ಹೊಡೆಸಿಕೊಳ್ಳುತ್ತದೆ. ಗಟ್ಟಿ ಎದುರಾಳಿಯ ಜೊತೆ ಹೋರಾಡುವಾಗ ಮೊಬೈಲ್ ಡೇಟಾ ಆನ್ ಇಟ್ಟುಕೊಳ್ಳಿ.

ಅದೇ ಟಿಕ್‌ನಿಂದ ಇನ್ನೊಂದು ಪಾಠವಿದೆ. ಅಂಗಡಿಯಲ್ಲಿ ನೋಡಲು ದೊಡ್ಡದಾದ ಎರಡು ಕೈಯ ಕತ್ತಿ ಹೊಸಬರ ಕಣ್ಣಿಗೆ ಬೀಳುತ್ತದೆ, ಆದರೆ ಅದು ಬೀಸುವುದು 7 ಟಿಕ್‌ಗೆ ಒಮ್ಮೆ. ಸಿಮಿಟರ್ ಎಂಬ ಬಾಗಿದ ಕತ್ತಿ 4 ಟಿಕ್‌ಗೆ ಒಮ್ಮೆ. ಎಕ್ಸ್‌ಪಿ ಗಳಿಕೆಗೆ ಸಿಮಿಟರ್ ಸಾಕು, ಅದೇ ಸರಿ. ಹಾಗೆಯೇ ಕತ್ತಿಗಳ ಗುರುತಿರುವ ಪುಟಕ್ಕೆ ಹೋಗಿ ಹೊಡೆಯುವ ಬಗೆಯನ್ನು ಬದಲಿಸಿಕೊಳ್ಳಿ. ನಿಮ್ಮ ಸ್ಟ್ರೆಂತ್ ಇನ್ನೂ 1ರಲ್ಲೇ ಇದೆ ಎಂದು ಬರೆದಿದ್ದೀರಲ್ಲ, ಕಾರಣ ನೀವು ಮೊದಲಿನಿಂದಲೂ ಅಟ್ಯಾಕ್‌ಗೆ ಎಕ್ಸ್‌ಪಿ ಕೊಡುವ ಮೊದಲ ಬಗೆಯಲ್ಲಿಯೇ ಹೊಡೆಯುತ್ತಿರುವುದು. ಅಗ್ರೆಸಿವ್ ಎಂಬ ಬಗೆಗೆ ಬದಲಿಸಿದರೆ ಸ್ಟ್ರೆಂತ್ ಏರುತ್ತದೆ, ಏಟಿನ ಭಾರವೂ ಏರುತ್ತದೆ.

ಇನ್ನು ಮೋಸ. ಇದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2007ರ ಬೇಸಿಗೆ ರಜೆಯಲ್ಲಿ ನಾನು ಗಂಟೆಗೆ 15 ರೂಪಾಯಿ ಕೊಟ್ಟು ಒಂದು ಸೈಬರ್ ಸೆಂಟರಿನಲ್ಲಿ ರೂನ್‌ಸ್ಕೇಪ್ ಆಡುತ್ತಿದ್ದೆ. ಆಗ ಅದು ಬ್ರೌಸರಿನಲ್ಲೇ ತೆರೆಯುತ್ತಿತ್ತು. 30 ನಾಣ್ಯ ಕೊಟ್ಟು ದೋಣಿಯಲ್ಲಿ ಕರಮ್ಜಾ ದ್ವೀಪಕ್ಕೆ ಹೋಗಿ, ಬಲೆಗೂಡಿನಲ್ಲಿ ಲಾಬ್ಸ್ಟರ್ ಹಿಡಿದು, ಮತ್ತೆ 30 ನಾಣ್ಯ ಕೊಟ್ಟು ಬಂದು ಮಾರಿ, ರಜೆ ಮುಗಿಯುವ ಹೊತ್ತಿಗೆ ಅಡಮಂಟ್ ಎಂಬ ಲೋಹದ ಒಂದು ಕವಚದ ಜೊತೆಯನ್ನು ಸಂಪಾದಿಸಿದ್ದೆ. ವ್ಯಾರಕ್ ಪೇಟೆಯಲ್ಲಿ ಯಾರೋ ಒಬ್ಬ ಬಂದು, ಕವಚಕ್ಕೆ ಚಿನ್ನದ ಅಂಚು ಹಾಕಿಕೊಡುತ್ತೇನೆ, ಬಿಟ್ಟಿ, ಎಂದ. ವಿನಿಮಯದ ಮೊದಲ ಪರದೆಯಲ್ಲಿ ಎಲ್ಲವನ್ನೂ ಇಟ್ಟು ಒಪ್ಪಿದೆ. ಎರಡನೆಯ ಪರದೆಯಲ್ಲಿ, ನಾನು ಕೊಡುತ್ತಿರುವುದರ ಉದ್ದ ಪಟ್ಟಿಯ ಎದುರಿಗೆ, ನನಗೆ ಸಿಗುವುದು "ಏನೇನೂ ಇಲ್ಲ" ಎಂದು ಆಟವೇ ಇಂಗ್ಲಿಷ್‌ನಲ್ಲಿ ಬರೆದು ತೋರಿಸಿತ್ತು. ಅದನ್ನು ಓದಿಯೂ ಒತ್ತಿದೆ. ಅವನು ಕ್ಷಣದಲ್ಲಿ ಕಾಣೆಯಾದ. ಅಂಚಿರುವ ಕವಚಗಳು ನಿಧಿಯ ಸುಳಿವು ಬಿಡಿಸಿದವರಿಗೆ ಸಿಗುವ ಬಹುಮಾನ, ಯಾವ ಆಟಗಾರನೂ ಅದನ್ನು ಹೊಲಿದುಕೊಡಲಾರ ಎಂಬುದು ಆಮೇಲೆ ತಿಳಿಯಿತು. ಇಂದಿಗೂ ಇದೇ ಮೋಸ, ಹಣ ದುಪ್ಪಟ್ಟು ಮಾಡಿಕೊಡುವ ಮೋಸ, ಬಿಟ್ಟಿ ಸದಸ್ಯತ್ವದ ಲಿಂಕ್ ಕಳಿಸುವ ಮೋಸ ನಡೆಯುತ್ತಲೇ ಇವೆ. ಬಾರ್ಬೇರಿಯನ್ ಹಳ್ಳಿಯ ಗುಂಡಿಯ ಕೆಳಗಿರುವ ಸ್ಟ್ರಾಂಗ್‌ಹೋಲ್ಡ್ ಆಫ್ ಸೆಕ್ಯುರಿಟಿಗೆ ಒಮ್ಮೆ ಹೋಗಿ. ಬಾಗಿಲು ಬಾಗಿಲಿಗೂ ಪಾಸ್‌ವರ್ಡ್ ಸುರಕ್ಷತೆಯ ಪ್ರಶ್ನೆ ಕೇಳುತ್ತದೆ, ಮೊದಲ ಮೂರು ಮಹಡಿಗಳಲ್ಲಿ ಒಟ್ಟು 10,000 ನಾಣ್ಯ, ನಾಲ್ಕನೆಯದರಲ್ಲಿ ಒಂದು ಜೊತೆ ಬೂಟು ಕೊಡುತ್ತದೆ. ಹೊಸಬನಿಗೆ ಅದು ದೊಡ್ಡ ಬಂಡವಾಳ. ಉತ್ತರದ ಕಂದಕ ದಾಟಿದರೆ ಬರುವ ವೈಲ್ಡರ್‌ನೆಸ್‌ಗೆ ಮಾತ್ರ, ಯಾರು ಎಷ್ಟೇ ಪ್ರೀತಿಯಿಂದ ಕರೆದರೂ, ಕಳೆದುಕೊಂಡರೆ ಹೊಟ್ಟೆ ಉರಿಯುವ ವಸ್ತುವನ್ನು ಒಯ್ಯಬೇಡಿ. ಅಲ್ಲಿ ಬೇರೆ ಆಟಗಾರರು ನಿಮ್ಮನ್ನು ಕೊಂದು ಸುಲಿಯಬಹುದು.

ವ್ಯಾಪಾರಕ್ಕೆ ಗ್ರ್ಯಾಂಡ್ ಎಕ್ಸ್‌ಚೇಂಜ್ ಇದೆ, ಇದು ನನ್ನ ಕಸುಬಿಗೆ ಹತ್ತಿರದ ವಿಷಯ. ಈಗಿನ ಆಟವನ್ನು 2007ರ ಆಗಸ್ಟ್‌ನ ಹಳೆಯ ಪ್ರತಿಯಿಂದ 2013ರಲ್ಲಿ ಮತ್ತೆ ಆರಂಭಿಸಿದಾಗ ಇದು ಇರಲಿಲ್ಲ, 2015ರಲ್ಲಿ ಸೇರಿತು. ಕೊಳ್ಳುವವರು, ಮಾರುವವರು ತಮ್ಮ ತಮ್ಮ ದರವನ್ನು ಬರೆದಿಡುತ್ತಾರೆ. ಎರಡೂ ಹೊಂದಿದರೆ, ಮೊದಲು ಬರೆದಿಟ್ಟವನ ದರಕ್ಕೆ ವ್ಯವಹಾರ ನಡೆಯುತ್ತದೆ. ಯಾರ್ಡಿನಲ್ಲಿ ಜೋಳದ ದರ ಏರಿತೆಂದು ಕೇಳಿ ಮರುದಿನ ಗಾಡಿ ಕಟ್ಟಿಕೊಂಡು ಬರುವವರನ್ನು ನಾನು ಪ್ರತಿ ಸುಗ್ಗಿಯಲ್ಲೂ ನೋಡುತ್ತೇನೆ, ಆಟದಲ್ಲೂ ವಿಡಿಯೊ ನೋಡಿ ಸರಕು ಕೂಡಿಡುವವರ ಗತಿ ಅದೇ. ನೀವು ಈಗ ಮಾರಬೇಕಾದ್ದು ಕೈಯಲ್ಲಿರುವುದನ್ನು: ಹಸುವಿನ ತೊಗಲನ್ನು ನೆಲದಲ್ಲೇ ಬಿಟ್ಟು ಬರುತ್ತಿದ್ದರೆ ಇನ್ನು ಮೇಲೆ ಆಯ್ದುಕೊಳ್ಳಿ.

ಹಣ ಕಟ್ಟಿ ಪಡೆಯುವ ಸದಸ್ಯತ್ವಕ್ಕೆ ಅವಸರವಿಲ್ಲ. ಉಚಿತ ಕ್ವೆಸ್ಟ್‌ಗಳನ್ನೆಲ್ಲ ಮುಗಿಸಿದ ಮೇಲೂ ಆಟ ಹಿಡಿಸಿದರೆ ಒಂದು ತಿಂಗಳಿಗೆ ಕಟ್ಟಿ, ಕಟ್ಟಿದ ದಿನವೇ ವಾಟರ್‌ಫಾಲ್ ಕ್ವೆಸ್ಟ್ ಮಾಡಿ. ಅದು ಅಟ್ಯಾಕ್, ಸ್ಟ್ರೆಂತ್ ಎರಡಕ್ಕೂ 13,750 ಎಕ್ಸ್‌ಪಿ ಕೊಡುತ್ತದೆ, ನಿಮ್ಮ 1ರ ಸ್ಟ್ರೆಂತ್ ನಿಂತ ಹೆಜ್ಜೆಯಲ್ಲಿ 30 ಆಗುತ್ತದೆ. ಆಟದಲ್ಲಿ ಗಳಿಸಿದ ನಾಣ್ಯದಿಂದ ಬಾಂಡ್ ಕೊಂಡು 14 ದಿನದ ಸದಸ್ಯತ್ವ ಪಡೆಯುವ ದಾರಿಯೂ ಇದೆ, ಆದರೆ ಹೊಸಬರು ಅದಕ್ಕಾಗಿ ದುಡಿಯಲು ಕುಳಿತರೆ ಆಟವೇ ಕೂಲಿಯಾಗುತ್ತದೆ.

ಈ ವಾರ ವ್ಯಾಂಪೈರ್ ಸ್ಲೇಯರ್‌ಗೆ ಹೊರಡುವುದಾದರೆ ಹೀಗೆ ಮಾಡಿ. ಡ್ರೇನರ್ ಹಳ್ಳಿಯ ಮಾರ್ಗನ್‌ನನ್ನು ಮಾತನಾಡಿಸಿ, ಅವನ ಮನೆಯ ಮಹಡಿಯ ಬೀರುವಿನಿಂದ ಬೆಳ್ಳುಳ್ಳಿ ತೆಗೆದುಕೊಳ್ಳಿ. ವ್ಯಾರಕ್‌ನ ಬ್ಲೂ ಮೂನ್ ಹೆಂಡದಂಗಡಿಯಲ್ಲಿ ಕುಳಿತಿರುವ ಹಾರ್ಲೋಗೆ ಒಂದು ಗ್ಲಾಸ್ ಬಿಯರ್ ಕೊಡಿಸಿದರೆ ಮರದ ಗೂಟ ಕೊಡುತ್ತಾನೆ. ಮೀನು ಬೇಯಿಸಿ ಹದಿನೈದಾದರೂ ಚೀಲದಲ್ಲಿಟ್ಟುಕೊಳ್ಳಿ, ಬೆಳ್ಳುಳ್ಳಿ ಜೊತೆಗಿದ್ದರೆ ರಕ್ತಪಿಶಾಚಿ ಕುಗ್ಗುತ್ತದೆ. ಸುತ್ತಿಗೆಯನ್ನು ಜನರಲ್ ಸ್ಟೋರಿನಲ್ಲಿ ಕೊಂಡು, ಹೊರಡುವ ಮೊದಲು ಚೀಲದಲ್ಲಿದೆಯೇ ಎಂದು ಇನ್ನೊಮ್ಮೆ ನೋಡಿ. ನಾನು ಅದನ್ನು ಬ್ಯಾಂಕಿನಲ್ಲಿಟ್ಟು ಹೋಗಿದ್ದೆ. ಕೊನೆಯ ಏಟು ಬಿದ್ದ ಮೇಲೆ ಗೂಟ ಬಡಿಯಲು ಏನೂ ಇಲ್ಲದೆ ನಿಂತಿದ್ದಾಗ ಅದರ ಜೀವ ಪೂರ್ತಿ ತುಂಬಿ ಬಂತು, ನನ್ನ ಚೀಲದಲ್ಲಿ ಒಂದು ಮೀನೂ ಉಳಿದಿರಲಿಲ್ಲ.