ಮೈಕ್ರೋಸಾಫ್ಟ್‌ನ ಗೇಮ್ ಕನ್ಸೋಲ್ ಎಕ್ಸ್‌ಬಾಕ್ಸ್ 360ಕ್ಕೆ ಹಾರ್ಡ್ ಡಿಸ್ಕ್ ಬೇರೆ ಕೊಂಡರೆ ಅಷ್ಟು ದುಬಾರಿ ಯಾಕಿತ್ತು?

ಅದು ಬೇಕಂತಲೇ ಹಾಕಿದ ಲೆಕ್ಕ.

2005ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಎಕ್ಸ್‌ಬಾಕ್ಸ್ 360 ಬಂದಾಗ ಎರಡು ಬಗೆಯ ಪೆಟ್ಟಿಗೆಗಳಿದ್ದವು. ‘ಕೋರ್’ಗೆ ಸುಮಾರು 300 ಡಾಲರ್, ಹಾರ್ಡ್ ಡಿಸ್ಕ್ ಇಲ್ಲ. ದೊಡ್ಡದಕ್ಕೆ 400 ಡಾಲರ್, ಅದರಲ್ಲಿ 20 ಜಿಬಿ ಡಿಸ್ಕ್. ಅದೇ ಡಿಸ್ಕನ್ನು ಬಿಡಿಯಾಗಿ ಕೊಂಡರೆ 100 ಡಾಲರ್.

ಲೆಕ್ಕ ಸಮ ಆಯ್ತು ಅಲ್ವಾ ಅನ್ನಿಸಬಹುದು. ಆಗಲಿಲ್ಲ! ದೊಡ್ಡ ಪೆಟ್ಟಿಗೆಯಲ್ಲಿ ವೈರ್‌ಲೆಸ್ ಕಂಟ್ರೋಲರ್, ಹೆಡ್‌ಸೆಟ್, ಎಚ್‌ಡಿ ಕೇಬಲ್ ಕೂಡ ಇದ್ದವು. ಕೋರ್ ಕೊಂಡವರು ಆಮೇಲೆ ಡಿಸ್ಕ್ ತಂದರೆ ಅಷ್ಟೇ ಹಣ ಕೊಟ್ಟು ಇವಿಷ್ಟನ್ನೂ ಕಳೆದುಕೊಳ್ಳುತ್ತಿದ್ದರು. ಹಾಗಾದರೆ ಕೋರ್ ಯಾಕೆ? ಜಾಹೀರಾತಿನಲ್ಲಿ ‘300 ಡಾಲರ್‌ನಿಂದ ಶುರು’ ಎನ್ನಲು ಅದು ಬೇಕಿತ್ತು. ಅದನ್ನು ನೋಡಿದವರಿಗೆ 400ರದ್ದೇ ಲಾಭ ಅನ್ನಿಸುತ್ತಿತ್ತು.

ಡಿಸ್ಕ್ ಬೇಡ ಎಂದರೆ 64 ಎಂಬಿ ಮೆಮೊರಿ ಯುನಿಟ್ ಇತ್ತು, ಸುಮಾರು 40 ಡಾಲರ್. ಆಟ ಸೇವ್ ಮಾಡಲು ಸಾಕು, ದೊಡ್ಡ ಡೌನ್‌ಲೋಡ್‌ಗಳಿಗೆ ಸಾಲದು. ಹಳೆಯ ಎಕ್ಸ್‌ಬಾಕ್ಸ್ ಆಟಗಳನ್ನು ಆಡಲು ಹಾರ್ಡ್ ಡಿಸ್ಕೇ ಬೇಕಿತ್ತು.

ತಮಾಷೆ ಎಂದರೆ, ಆ ಡಿಸ್ಕ್ ಒಳಗಿದ್ದದ್ದು ಲ್ಯಾಪ್‌ಟಾಪ್‌ನ ಮಾಮೂಲಿ 2.5 ಇಂಚಿನ ಡ್ರೈವ್. ಆದರೆ ಮೈಕ್ರೋಸಾಫ್ಟ್‌ನ ಕವಚದಲ್ಲಿ ಬಂದದ್ದನ್ನು ಮಾತ್ರ ಕನ್ಸೋಲ್ ಒಪ್ಪುತ್ತಿತ್ತು. ಪೈಪೋಟಿ ಇಲ್ಲದ ಕಡೆ ಬೆಲೆ ಯಾಕೆ ಇಳಿಯುತ್ತದೆ? ಮರುವರ್ಷ ಬಂದ ಪ್ಲೇಸ್ಟೇಷನ್ 3ರಲ್ಲಿ ಸೋನಿ ಬೇರೆ ದಾರಿ ಹಿಡಿಯಿತು. ಅಂಗಡಿಯಲ್ಲಿ ಸಿಗುವ ಲ್ಯಾಪ್‌ಟಾಪ್ ಡ್ರೈವನ್ನೇ ತಂದು ನೀವೇ ಹಾಕಿಕೊಳ್ಳಬಹುದಿತ್ತು.